ರುಚಿ ನೋಡದ ಅಡುಗೆ

ನಮ್ಮ ಅತ್ತೆ ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನಾನು ನಂಬಿರಲಿಲ್ಲ. ನಾನು ಬೆಳೆದದ್ದು ಅಂಬರನಾಥದಲ್ಲಿ, ಹುಬ್ಬಳ್ಳಿ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದ ಅಪ್ಪನ ಮನೆಯಲ್ಲಿ. ನಮ್ಮವ್ವ ಸಾರು ಕುದಿಯುವಾಗ ಸೌಟಿನಿಂದ ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ, "ಇನ್ನೊಂಚೂರು ಉಪ್ಪು ಬೇಕು ನೋಡು" ಎಂದು ತನಗೆ ತಾನೇ ಹೇಳಿಕೊಂಡು, ಉಪ್ಪು ಹಾಕಿ, ಮತ್ತೆ ನೆಕ್ಕುವವಳು. ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಅವಳದು ಅರ್ಧ ಊಟ ಆಗಿರುತ್ತಿತ್ತು. ಡೊಂಬಿವಲಿಯ ಈ ಉಡುಪಿ ಮನೆಗೆ ಬಂದ ಮೇಲೆ ನಾನೂ ಅದೇ ಅಭ್ಯಾಸದಲ್ಲಿ ಸೌಟಿನ ಕೆಳಗೆ ಅಂಗೈ ಒಡ್ಡಿದೆ. ಅತ್ತೆ ಓಡಿ ಬಂದು ನನ್ನ ಮಣಿಕಟ್ಟು ಹಿಡಿದರು.

"ದೇವರಿಗೆ ಇಡದೆ ಬಾಯಿಗೆ ಹಾಕ್ಲಿಕ್ಕಿಲ್ಲ ಮಾರಾಯ್ತಿ. ಮೀಸಲು ಮುರೀತದೆ."

ಮೀಸಲು ಎಂದರೆ ದೇವರಿಗಾಗಿ ಎತ್ತಿಟ್ಟದ್ದು, ಯಾರ ನಾಲಿಗೆಗೂ ತಾಗದ್ದು. ಈ ಮನೆಯಲ್ಲಿ ಬೆಳಗಿನ ಅಡುಗೆಯೆಲ್ಲ ಮೀಸಲೇ. ಮಾವ ಪೂಜೆ ಮುಗಿಸಿ, ಅನ್ನದ ಮೇಲೆ ತುಳಸಿ ಇಟ್ಟು, ಗಂಟೆ ಆಡಿಸಿದ ಮೇಲೆಯೇ ಉಳಿದವರ ಬಾಯಿಗೆ. ನಾನು ದೇವರನ್ನು ನಂಬದವಳಲ್ಲ. ಆದರೆ ಹೊಟ್ಟೆ ಹಸಿದಾಗ ದೇವರಿಗಿಂತ ಮೊದಲು ನನಗೆ ಬೇಕು ಅನ್ನುವ ಜಾತಿಯವಳು. "ಹಾಗಾದ್ರ ಉಪ್ಪು ಸರಿ ಆತಂತ ಹೆಂಗ ಗೊತ್ತಾಗತದ ಅತ್ತೆ?" ಎಂದು ಕೇಳಿದೆ. ಅವರು ನಕ್ಕು, "ಮೂಗು ಎಂತಕ್ಕೆ ಉಂಟು?" ಎಂದರು.

ಅದು ತಮಾಷೆಯ ಮಾತಾಗಿರಲಿಲ್ಲ. ಉಪ್ಪು ಬೀಳದ ಹುಳಿಗೆ ಒಂದು ಹಸಿ ವಾಸನೆ ಇರುತ್ತದಂತೆ, ಉಪ್ಪು ಸೇರಿದ ಕೂಡಲೇ ಅದು ಅಡಗುತ್ತದಂತೆ. ಬೆಲ್ಲದ ಪಾಕ ಹದಕ್ಕೆ ಬರುವ ಮೊದಲಿನ ವಾಸನೆ ಬೇರೆ, ಬಂದ ಮೇಲಿನದು ಬೇರೆ. ನಾನು ಪಾತ್ರೆಯೊಳಗೆ ಮುಖ ತೂರಿಸಿ ಎಷ್ಟು ಎಳೆದುಕೊಂಡರೂ ನನಗೆ ಬಂದದ್ದು ಸೀನು ಮಾತ್ರ. ಅತ್ತೆ ಹಬೆಯನ್ನು ಕೈಯಿಂದ ಒಮ್ಮೆ ತಮ್ಮ ಕಡೆಗೆ ಬೀಸಿಕೊಂಡು, ಕಣ್ಣು ಮುಚ್ಚಿ, "ಹ್ಞಾಂ, ಆಯ್ತು" ಎಂದು ಒಲೆ ಆರಿಸುತ್ತಿದ್ದರು. ಒಮ್ಮೆಯೂ ತಪ್ಪುತ್ತಿರಲಿಲ್ಲ. ಮಾವ ಮೊದಲು ಠಾಣೆಯಲ್ಲಿ ಹೋಟೆಲ್ ನಡೆಸಿದವರು. ಎಷ್ಟೋ ಭಟ್ಟರ ಕೈ ಅಡುಗೆ ಕಂಡವರು. ಅಂಥವರು ಹೆಂಡತಿ ಕಡಲೆಬೇಳೆ, ಬೆಲ್ಲ ಹಾಕಿ ಮಾಡಿದ ಹಯಗ್ರೀವ ತಿಂದಾಗಲೆಲ್ಲ, "ಹೀಗೆ ಮಾಡುವ ಒಬ್ಬ ಭಟ್ಟ ನನಗೆ ಸಿಕ್ಕಿದ್ದರೆ ಹೋಟೆಲ್ ಮುಚ್ಚುತ್ತಿರಲಿಲ್ಲ" ಎನ್ನುತ್ತಿದ್ದರು.

ಆ ಮಾತನ್ನು ಅವರು ಹೆಚ್ಚಾಗಿ ಹೇಳುತ್ತಿದ್ದದ್ದು ದೀಪಾವಳಿಯ ಪಾಡ್ಯದ ದಿನ, ಎಲ್ಲರ ಎದುರಿಗೆ. ಕಲ್ಯಾಣ, ಠಾಣೆ, ನೆರೂಳು ಎಂದು ಚದುರಿಹೋದ ಅವರ ಕಡೆಯ ನೆಂಟರೆಲ್ಲ ಆ ಮಧ್ಯಾಹ್ನ ನಮ್ಮ ಫ್ಲಾಟಿಗೆ ಊಟಕ್ಕೆ ಬರುವುದು ವಾಡಿಕೆ. ಚಪ್ಪಲಿ ಲಿಫ್ಟಿನ ಬಾಗಿಲವರೆಗೆ ಹರಡುತ್ತಿತ್ತು. ಅತ್ತೆ ಮಾತು ಕಡಿಮೆಯವರು, ಮದುವೆ ಮುಂಜಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುವವರು. ಪಾಡ್ಯದ ದಿನ ಮಾತ್ರ ಎಲ್ಲರೂ ಅಡುಗೆಮನೆಯ ಬಾಗಿಲಿಗೆ ಬಂದು, "ಎಂತ ಮಾಡಿದ್ದೀರಿ ಈ ಸಲ?" ಎಂದು ಕೇಳುತ್ತಿದ್ದರು. ಅವರಿಗೆ ಇದ್ದದ್ದು ಆ ಒಂದು ಗೌರವ. ಅದರ ಬೆಲೆ ನನಗೆ ತಿಳಿದದ್ದು ತೀರಾ ತಡವಾಗಿ.

ಮಗಳು ಹುಟ್ಟುವ ಮೊದಲು, ಆ ಕೆಟ್ಟ ಜ್ವರ ಊರಿಗೆಲ್ಲ ಬಂದ ಕಾಲದಲ್ಲಿ ಅತ್ತೆಗೂ ಬಂದಿತ್ತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು. ಎಲ್ಲ ಸರಿಹೋಯಿತೆಂದು ನಾವು ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಮೂಗು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ನಾನು ಮತ್ತು ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ನನ್ನ ಆಫೀಸು ಠಾಣೆಯಲ್ಲಿ, ಅವರದು ನವಿ ಮುಂಬಯಿಯಲ್ಲಿ. ಮಗಳನ್ನು ಹಗಲೆಲ್ಲ ನೋಡಿಕೊಂಡವರು ಅತ್ತೆ. ಬೆಳಗಿನ ಲೋಕಲಿನಲ್ಲಿ ಮುಂಬ್ರಾ ದಾಟುವವರೆಗೂ ಒಂಟಿಕಾಲಲ್ಲಿ ನಿಂತು ಹೋಗಿ, ಸಂಜೆ ಅದೇ ಕಾಲಲ್ಲಿ ನಿಂತು ಬರುವ ನನಗೆ, ನನ್ನ ಮಗು ಹಗಲು ಏನು ಮಾಡುತ್ತದೆ ಎನ್ನುವುದು ಅತ್ತೆ ಹೇಳಿದಷ್ಟೇ ಗೊತ್ತು. ಅತ್ತೆ ಹೇಳುತ್ತಿದ್ದದ್ದು, "ಉಂಡಿತು, ಮಲಗಿತು, ಚಂದ ಉಂಟು" ಇಷ್ಟೇ.

ಮಗಳಿಗೆ ಎರಡು ದಾಟಿತು, ಎರಡೂವರೆಯಾಯಿತು, ಮೂರು ತುಂಬಲು ಬಂತು. ಮಾತಿಲ್ಲ. ಕಿವಿ ಚೆನ್ನಾಗಿತ್ತು, ಕರೆದರೆ ತಿರುಗುತ್ತಿದ್ದಳು, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ಬೇಡವಾದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳು. ಮಾತು ಮಾತ್ರ ಇಲ್ಲ. ಕೆಳಗಿನ ಮಹಡಿಯ ಅವಳದೇ ವಯಸ್ಸಿನ ಹುಡುಗ ಲಿಫ್ಟಿನಲ್ಲಿ ಸಿಕ್ಕರೆ ಸಾಕು, ಹಾಡು ಶುರು ಮಾಡುತ್ತಿದ್ದ. ಅವನ ತಾಯಿ ನನ್ನ ಮಗಳ ಗಲ್ಲ ಹಿಡಿದು, "ಅಭೀ ತಕ್ ಬೋಲತೀ ನಹೀಂ ಕ್ಯಾ?" ಇನ್ನೂ ಮಾತಿಲ್ಲವಾ ಎಂದು ಕೇಳುತ್ತಿದ್ದಳು. ಆ ಹೆಂಗಸಿನ ಮುಖ ತಪ್ಪಿಸಲು ನಾನು ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದುಂಟು.

ಠಾಣೆಯಲ್ಲಿ ಮಕ್ಕಳಿಗೆ ಮಾತು ಕಲಿಸುವವರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಮನೆಯಲ್ಲಿ ಯಾವ ಭಾಷೆ ಎಂದು ಅವರು ಕೇಳಿದಾಗ ನಾನೂ ಗಂಡನೂ ಮುಖಮುಖ ನೋಡಿಕೊಂಡೆವು. ಅತ್ತೆ ಮಾವನದು ತುಳು. ನನ್ನದು ಹುಬ್ಬಳ್ಳಿ ಕನ್ನಡ. ಗಂಡ ನನ್ನ ಜೊತೆ ಉಡುಪಿ ಕನ್ನಡ, ಫೋನಿನಲ್ಲಿ ಹಿಂದಿ. ಎದುರುಮನೆಯ ಹೆಂಗಸು, ನಾವು ಕಾಕು ಎನ್ನುವವರು, ಮಗುವನ್ನು ದಿನಾ ಎತ್ತಿಕೊಂಡು ಹೋಗುತ್ತಿದ್ದವರು, ಅವರದು ಮರಾಠಿ. ಸದ್ಯಕ್ಕೆ ಒಂದೇ ಭಾಷೆಯಲ್ಲಿ ಮಾತಾಡಿಸಿ ನೋಡಿ ಎಂದರು. ಕನ್ನಡ ಎಂದು ನಾವು ಠರಾವು ಮಾಡಿದೆವು. ಅಂದಿನಿಂದ ಅತ್ತೆಗೆ ಮೊಮ್ಮಗಳ ಜೊತೆ ತುಳು ಬಂದ್. ಅವರಿಗೆ ಮುದ್ದು ಬರುತ್ತಿದ್ದದ್ದೇ ತುಳುವಿನಲ್ಲಿ. ಕನ್ನಡದಲ್ಲಿ ಬಾ, ಹೋಗು, ತಿನ್ನು ಎಂದು ನಾಲ್ಕು ಮಾತು ಹೇಳಿ ಸುಮ್ಮನಾಗುತ್ತಿದ್ದರು. ಹೀಗೆ ಹಗಲೆಲ್ಲ ಆ ಮನೆಯಲ್ಲಿ ಮಾತು ಬಾರದ ಮಗು ಒಂದು, ಮಾತು ನಿಲ್ಲಿಸಿದ ಅಜ್ಜಿ ಒಬ್ಬರು.

ನಾನಂತೂ ಸಂಜೆ ಬಂದವಳೇ ಚಿತ್ರದ ಕಾರ್ಡು ಹಿಡಿದು ಕೂರುತ್ತಿದ್ದೆ. "ಇದೇನು ಪುಟ್ಟಿ? ಆನಿ. ಹೇಳು, ಆ... ನಿ." ಪುಟ್ಟಿ ಆನೆಯನ್ನು ನೋಡಿ, ನನ್ನನ್ನು ನೋಡಿ, ಕಾರ್ಡಿನ ಮೂಲೆ ಕಚ್ಚುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅತ್ತೆ ಸೊಪ್ಪು ಬಿಡಿಸುತ್ತ ಕೂತವರು, "ಬರ್ತದೆ ಮಾರಾಯ್ತಿ, ಎಂತ ಅವಸರ? ಬಂದ ಮೇಲೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ" ಎನ್ನುತ್ತಿದ್ದರು. ಇವರಿಗೇನು, ನೆಂಟರ ಮನೆಯಲ್ಲಿ ಉತ್ತರ ಕೊಡಬೇಕಾದವಳು ನಾನು ಎಂದು ಒಳಗೊಳಗೇ ಉರಿಯುತ್ತಿದ್ದೆ.

ಆ ವರ್ಷ ದೀಪಾವಳಿಗೆ ಸೇರಿಸಿ ನಾನು ಒಂದು ವಾರ ರಜೆ ಹಾಕಿದೆ. ಮಗಳ ಜೊತೆ ಇಡೀ ದಿನ ಮಾತಾಡಬೇಕು, ಅತ್ತೆಗೆ ಅಡುಗೆಗೆ ಕೈ ಕೂಡಿಸಬೇಕು ಎಂದು. ರಜೆಯ ಮೊದಲ ಬೆಳಿಗ್ಗೆಯೇ ಹಾಲು ಹೊತ್ತಿತು. ಹಾಲ್‌ನಲ್ಲಿ ಕೂತ ನನಗೆ ವಾಸನೆ ಬಂತು. ಒಲೆಯ ಎದುರೇ ನಿಂತು ತೆಂಗಿನಕಾಯಿ ತುರಿಯುತ್ತಿದ್ದ ಅತ್ತೆಗೆ ಬರಲಿಲ್ಲ. ನಾನು ಓಡಿ ಬಂದು ಒಲೆ ಆರಿಸಿದಾಗ ಅವರು ಬೆಚ್ಚಿ, "ಓ, ಉಕ್ಕಿತಾ?" ಎಂದರು. ಉಕ್ಕಿರಲಿಲ್ಲ, ತಳ ಕಪ್ಪಾಗಿತ್ತು. ವಯಸ್ಸಾಯಿತಲ್ಲ ಎಂದುಕೊಂಡು ನಾನು ಪಾತ್ರೆಯನ್ನು ನೆನೆಯಲು ಹಾಕಿದೆ.

ಅದೇ ದಿನ ಹನ್ನೊಂದರ ಸುಮಾರಿಗೆ ಮಾವ ಸ್ನಾನಕ್ಕೆ ಹೋದರು. ನಾನು ಮಗಳನ್ನು ಹುಡುಕುತ್ತ ಅಡುಗೆಮನೆಯ ಬಾಗಿಲಿಗೆ ಬಂದೆ. ಪುಟ್ಟಿ ಕಟ್ಟೆಯ ಪಕ್ಕದಲ್ಲಿ ಮಣೆಯ ಮೇಲೆ ನಿಂತು ಅಂಗೈ ಒಡ್ಡಿದ್ದಳು. ಅತ್ತೆ ಸೌತೆಕಾಯಿ ಹುಳಿಯನ್ನು ಚಮಚದಲ್ಲಿ ತೆಗೆದು, ಊದಿ ಆರಿಸಿ, ಆ ಅಂಗೈಗೆ ಎರಡು ಹನಿ ಬಿಟ್ಟರು. ಪುಟ್ಟಿ ನೆಕ್ಕಿದಳು. ಅತ್ತೆ ಬಗ್ಗಿ ಅವಳ ಮುಖವನ್ನೇ ನೋಡುತ್ತಿದ್ದರು. ಮಗು ಮೂತಿ ಸೊಟ್ಟ ಮಾಡಿ ತಲೆ ಆಚೆ ತಿರುಗಿಸಿತು. ಅತ್ತೆ ಡಬ್ಬಿಯಿಂದ ಉಪ್ಪು ತೆಗೆದು ಹಾಕಿದರು, ಕದಡಿದರು, ಮತ್ತೆ ಎರಡು ಹನಿ ಬಿಟ್ಟರು. ಈ ಸಲ ಮಗು ನೆಕ್ಕಿ, ಇನ್ನೂ ಬೇಕೆಂದು ಕೈ ಒಡ್ಡಿತು. ಅತ್ತೆ ಒಲೆ ಆರಿಸಿದರು.

ದೇವರ ಪೂಜೆ ಇನ್ನೂ ಆಗಿರಲಿಲ್ಲ. ನನ್ನ ಮಣಿಕಟ್ಟು ಹಿಡಿದು ತಡೆದ ಹೆಂಗಸು ಇವರೇನಾ ಎಂದು ನಾನು ಬಾಗಿಲಲ್ಲೇ ನಿಂತೆ. ಅತ್ತೆ ತಿರುಗಿ ನನ್ನನ್ನು ನೋಡಿದವರು ಚಮಚ ಕೆಳಗಿಟ್ಟು, ಸೆರಗಿನಿಂದ ಮಗುವಿನ ಅಂಗೈ ಒರೆಸಿದರು.

"ನಂಗೆ ವಾಸನೆ ಬರುದಿಲ್ಲ" ಎಂದರು. "ಆ ಜ್ವರ ಬಂದ ಮೇಲೆ ಎಂತದೂ ಬರುದಿಲ್ಲ. ಇಂಗು ಮೂಗಿಗೆ ಹಿಡಿದ್ರೂ ಇಲ್ಲ. ಮೊದಲೆಲ್ಲ ಅಂದಾಜಿನಲ್ಲಿ ಮಾಡ್ತಿದ್ದೆ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ನಿನ್ನ ಮಾವ ಎಂತ ಹೇಳ್ಲಿಲ್ಲ, ನೀರು ಕುಡಿದು ಎದ್ರು."

"ಅವ್ರಿಗೆ ಹೇಳಬೇಕಿತ್ತಲ್ಲ ಅತ್ತೆ."

"ಹೇಳಿದ್ರೆ ಸೌಟು ತೆಗೊಳ್ತಾರೆ. ನಿನ್ನ ಗಂಡನಿಗೂ ಹೇಳ್ಬೇಡ, ಅವನು ಅಡುಗೆಯವಳನ್ನು ಇಡ್ತಾನೆ. ಮತ್ತೆ ನಾನು ಎಂತ ಮಾಡುದು ಈ ಮನೆಯಲ್ಲಿ?"

ಮೀಸಲಿನ ಗತಿಯೇನು ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಮಾತು ಬಾರದ ಮಗುವಿನ ಬಾಯಿ ಎಂಜಲಲ್ಲ. ಅದು ದೇವರದ್ದೇ ಬಾಯಿ."

"ಹಂಗಂತ ಯಾರು ಹೇಳ್ಯಾರ?"

"ಯಾರು ಹೇಳ್ಬೇಕು? ನಾನೇ ಹೇಳಿದ್ದು" ಎಂದು ಅವರು ನಕ್ಕರು. ನಾನೂ ನಕ್ಕೆ. ಪುಟ್ಟಿಗೆ ಏನು ತಿಳಿಯಿತೋ, ಅವಳೂ ಚಪ್ಪಾಳೆ ತಟ್ಟಿದಳು.

ಆಮೇಲಿನ ಮೂರು ನಾಲ್ಕು ದಿನ ನನ್ನ ಬದುಕಿನಲ್ಲೇ ಒಳ್ಳೆಯ ದಿನಗಳು. ಚಕ್ಕುಲಿ, ಶಂಕರಪಾಳೆ, ಚೂಡಾ, ಎದುರುಮನೆಯ ಕಾಕುವಿಗೆ ಕೊಡಲು ಬೇಸನ್ ಲಾಡು. ಮಾವ ಒಳಗೆ ಬರದಂತೆ ನಾನು ಹಾಲ್‌ನಲ್ಲಿ ಕಾವಲು ಕೂರುತ್ತಿದ್ದೆ, ಪೇಪರಿನ ಸುದ್ದಿ ಕೇಳುತ್ತ, ಬೇಡದ ವಾದ ಹೂಡುತ್ತ. ಒಳಗೆ ಅವರಿಬ್ಬರ ಕೆಲಸ ನಡೆಯುತ್ತಿತ್ತು. ಆ ಕೆಲಸದ ರೀತಿ ಬರಬರುತ್ತ ನನಗೂ ಓದಲು ಬಂತು. ಹುಳಿ ಹೆಚ್ಚಾದರೆ ಪುಟ್ಟಿ ಒಂದು ಕಣ್ಣು ಮುಚ್ಚುತ್ತಿದ್ದಳು. ಖಾರವಾದರೆ ನಾಲಿಗೆ ಹೊರಗೆ. ಸಿಹಿ ಸಾಲದಿದ್ದರೆ ನೆಕ್ಕಿ, ಬರಿದಾದ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಎಲ್ಲೋ ಬಿದ್ದುಹೋಯಿತೇನೋ ಎನ್ನುವಂತೆ. ಕಾರ್ಡಿನ ಆನೆಗೆ ಉತ್ತರ ಕೊಡದ ಮಗು ಅಜ್ಜಿಯ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಿತ್ತು. ಅದು ಮಾತಲ್ಲ ಎಂದು ನಾನು ಯಾಕೆ ಅಂದುಕೊಂಡಿದ್ದೆನೋ ಈಗ ತಿಳಿಯುವುದಿಲ್ಲ.

ಪಾಡ್ಯದ ದಿನ ಬೆಳಿಗ್ಗೆಯಿಂದಲೇ ಜನ ಬಂದರು. ಕಲ್ಯಾಣದವರು ಬಾಳೆಲೆ ತಂದರು, ನೆರೂಳಿನವರು ಹೂ ತಂದರು. ಸಾರು, ಹುಳಿ, ಪಲ್ಯ ಎಲ್ಲ ಜನ ತುಂಬುವ ಮೊದಲೇ ಆಗಿತ್ತು, ಪುಟ್ಟಿಯ ಅಂಗೈಯಿಂದ ಪಾಸಾಗಿತ್ತು. ಉಳಿದದ್ದು ಹಯಗ್ರೀವ. ಕಡಲೆಬೇಳೆ ಬೆಂದು, ಬೆಲ್ಲ ಕರಗಿ, ಕಾಯಿತುರಿ ಬಿದ್ದು, ಇನ್ನೇನು ಹದ ನೋಡಬೇಕು ಅನ್ನುವ ಹೊತ್ತಿಗೆ ನೆಂಟ ಹೆಂಗಸರೆಲ್ಲ ಅಡುಗೆಮನೆಗೆ ನುಗ್ಗಿದರು. ಒಬ್ಬರು ಎಲೆ ಒರೆಸಲು, ಒಬ್ಬರು ಹಪ್ಪಳ ಕರಿಯಲು, ಒಬ್ಬರು ಸುಮ್ಮನೆ ಬಾಗಿಲಿಗೆ ಒರಗಲು. ಪುಟ್ಟಿ ಕಾಲುಗಳ ನಡುವೆ ತೂರಿ ಬಂದು ಅಂಗೈ ಒಡ್ಡಿ ನಿಂತಳು. ಅತ್ತೆ ನನ್ನನ್ನು ನೋಡಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿ, ಮಗುವನ್ನು ಎತ್ತಿಕೊಂಡು ಹೊರಗೆ ತಂದೆ. ಅತ್ತೆ ಹಬೆಯನ್ನು ಕೈಯಿಂದ ತಮ್ಮ ಕಡೆಗೆ ಬೀಸಿಕೊಂಡದ್ದನ್ನು ಬಾಗಿಲಿನಿಂದ ಕಂಡೆ, ಹಳೆಯ ರೂಢಿಯಂತೆ. "ಆಹಾ, ಎಂತ ಪರಿಮಳ!" ಎಂದು ಯಾರೋ ಅಂದರು. ಅತ್ತೆ "ಹ್ಞಾಂ, ಆಯ್ತು" ಎಂದು ಒಲೆ ಆರಿಸಿದರು.

ದೇವರ ಎದುರು ಎಲೆ ಹಾಕಿ ಎಲ್ಲ ಬಡಿಸಿದ್ದಾಯಿತು. ಮಾವ ಪಟ್ಟೆಮಡಿ ಉಟ್ಟು, ಬಲಗೈಯಲ್ಲಿ ತುಳಸಿ ಹಿಡಿದು, ಎಡಗೈಯನ್ನು ಗಂಟೆಗೆ ಚಾಚಿದ್ದರು. ಹಾಲ್ ತುಂಬ ಜನ, ಎಲ್ಲರೂ ಕೈ ಮುಗಿದು ನಿಂತಿದ್ದರು. ಪುಟ್ಟಿ ನನ್ನ ಕೈಯಿಂದ ಜಾರಿ, ಓಡಿ ಹೋಗಿ ದೇವರ ಮಂಟಪದ ಮುಂದೆ ನಿಂತಳು. ಹಯಗ್ರೀವದ ಕಡೆಗೆ ಬೆರಳು ಮಾಡಿದಳು. ಅಂಗೈ ಚಾಚಿದಳು. ಆಮೇಲೆ, ಎಲ್ಲಿ ಅಡಗಿಸಿಟ್ಟಿದ್ದಳೋ, ಗಂಟೆಯಂಥ ಸ್ವರದಲ್ಲಿ ಹೇಳಿದಳು:

"ಆಧೀ ಮಲಾ! ಮಗ್ ಬಾಪ್ಪಾಲಾ!"

ಮೊದಲು ನನಗೆ, ಆಮೇಲೆ ದೇವರಿಗೆ. ಕಾಕುವಿನ ಮನೆಯ ಮರಾಠಿ, ಒಂದಕ್ಷರ ತೊದಲಿಲ್ಲ.

ಹಾಲ್ ಇಡೀ ಹೋ ಎಂದಿತು. ಯಾರೋ ಚಪ್ಪಾಳೆ ತಟ್ಟಿದರು. ನನ್ನ ಗಂಡ ಕಣ್ಣು ಒರೆಸಿಕೊಂಡರು. ನಾನಂತೂ ಹುಚ್ಚಿಯಾದೆ. ಎಷ್ಟು ತಿಂಗಳ ಕಾರ್ಡು, ಎಷ್ಟು ಹರಕೆ, ಲಿಫ್ಟಿನಲ್ಲಿ ತಗ್ಗಿಸಿದ ತಲೆ, ಎಲ್ಲ ಒಟ್ಟಿಗೆ ನೆನಪಾಯಿತು. ಮೊಬೈಲು ತೆಗೆದು ಅವಳ ಮುಂದೆ ಮಂಡಿಯೂರಿದೆ. "ಇನ್ನೊಮ್ಮೆ ಹೇಳವ್ವಾ ನನ್ನ ಬಂಗಾರ, ಇನ್ನೊಮ್ಮೆ ಹೇಳು!" ಅವಳು ಹೇಳಿದಳು. ಮತ್ತೆ ಹೇಳಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಮಗುವಿನ ತುಂಟತನ ಎಂದು ನಕ್ಕು ಗಂಟೆ ಬಾರಿಸುತ್ತಿದ್ದರು. ಆದರೆ ನನಗೆ ಇನ್ನೂ ಮಾತು ಬೇಕಿತ್ತು, ಬಾಯಿ ತೆರೆದಿದೆ, ಎಷ್ಟು ಬರುತ್ತದೋ ಅಷ್ಟು ಬರಲಿ ಎನ್ನುವ ಆಸೆ. ಕೇಳಿಬಿಟ್ಟೆ:

"ನಿನಗ ಮೊದಲು ಯಾರ ಕೊಡ್ತಾರ ಪುಟ್ಟಿ?"

"ಆಜೀ ದೇತೇ" ಎಂದಳು. ಅಂಗೈ ತೋರಿಸಿ, ನಾಲಿಗೆ ಚಾಚಿ ನೆಕ್ಕಿ ತೋರಿಸಿದಳು. "ರೋಜ್ ದೇತೇ."

ಅಜ್ಜಿ ಕೊಡುತ್ತಾಳೆ. ದಿನಾ ಕೊಡುತ್ತಾಳೆ. ಠಾಣೆಯಲ್ಲಿ ಹೋಟೆಲ್ ನಡೆಸಿದ ಮಾವನಿಗೆ ಮರಾಠಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿದ್ದ ಯಾರಿಗೂ ಬೇಕಾಗಿರಲಿಲ್ಲ.

ನಾನು ಮೊಬೈಲು ಕೆಳಗಿಳಿಸಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳ ಮಾತು ಕೇಳಿ ಬಂದ ನಗು ಇನ್ನೂ ಅವರ ಮುಖದ ಮೇಲೆ ಇತ್ತು, ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಮಾವ ತುಳುವಿನಲ್ಲಿ, ಬಹಳ ಮೆಲ್ಲಗೆ, ಹೌದಾ ಎಂದು ಕೇಳಿದರು. ಅತ್ತೆ ಹೌದೆಂದು ತಲೆ ಆಡಿಸಿದರು. ಮಾವ ಕೈಯಲ್ಲಿದ್ದ ತುಳಸಿಯನ್ನು ತಟ್ಟೆಗೆ ವಾಪಸು ಹಾಕಿ, ಎಲೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಗಂಡನಿಗೆ, "ಬಾಳೆಹಣ್ಣು ಉಂಟಾ ನೋಡು. ಸ್ವಲ್ಪ ಹಾಲು" ಎಂದರು.

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಜಗಳವಾಡುತ್ತಿದ್ದೆ, ನನಗೆ ಅದು ಚೆನ್ನಾಗಿ ಬರುತ್ತದೆ. ಹಾಲು ಹಣ್ಣು ಇಟ್ಟು ಪೂಜೆ ಮುಗಿಸಿದರು. ಹಯಗ್ರೀವ ಯಾರ ಬಾಯಿಗೂ ತಾಗಿರಲಿಲ್ಲ, ಆ ಎಲೆಯ ಮೇಲೆ ಮೀಸಲು ಮುರಿಯದೆ ಉಳಿದಿದ್ದ ಪದಾರ್ಥ ಅದೊಂದೇ. ಅದನ್ನಾದರೂ ಹೇಳಬಹುದಿತ್ತು.

ಎಲ್ಲರೂ ಉಂಡರು. ಊಟದ ಉದ್ದಕ್ಕೂ ಮಾತೆಲ್ಲ ಪುಟ್ಟಿಯದೇ. ಅಂತೂ ಬಾಯಿ ಬಿಟ್ಟಳಲ್ಲ, ಸ್ವರ ಎಷ್ಟು ಸ್ಪಷ್ಟ, ಇನ್ನು ನಿಮಗೆ ಚಿಂತೆ ಇಲ್ಲ ಎಂದರು. ಎಂತ ಮಾಡಿದ್ದೀರಿ ಎಂದು ಅಡುಗೆಮನೆಗೆ ಹೋಗಿ ಯಾರೂ ಕೇಳಲಿಲ್ಲ. ಸಂಕೋಚದಿಂದ ಇರಬೇಕು, ಕೆಟ್ಟವರು ಯಾರೂ ಅಲ್ಲ. ಅತ್ತೆ ತಲೆನೋವೆಂದು ಹೇಳಿ ಊಟಕ್ಕೆ ಕೂರಲಿಲ್ಲ.

ನೆಂಟರು ಹೋದ ಮೇಲೆ ಮೂಗಿನ ಸಂಗತಿ ನಾನೇ ಹೇಳಿದೆ. ಮಾವ, "ನನಗೆ ಹೇಳ್ಬಹುದಿತ್ತಲ್ಲ" ಎಂದು ಹೆಂಡತಿಯನ್ನು ಕೇಳಿದರು. ಅವರಿಗೆ ಮೀಸಲಿಗಿಂತ ಹೆಚ್ಚು ನೋವಾದದ್ದು ಅದಕ್ಕೇ ಎಂದು ನನಗೆ ಅನ್ನಿಸಿತು. ಮರುದಿನ ಅತ್ತೆ ಏಳುವ ಮೊದಲೇ ಅವರು ಸ್ನಾನ ಮಾಡಿ, ಮಡಿಯುಟ್ಟು ಅಡುಗೆಮನೆಯಲ್ಲಿದ್ದರು. "ಇಷ್ಟು ವರ್ಷ ನೀನು ಮಾಡಿದ್ದಿ. ಇನ್ನು ಕೂತ್ಕೋ" ಎಂದರು. ನಿಜವಾದ ಪ್ರೀತಿಯಿಂದಲೇ ಹೇಳಿದ ಮಾತು. ಅತ್ತೆ ಭಯಪಟ್ಟದ್ದು ಯಾವುದಕ್ಕೋ ಅದೇ ಆಯಿತು, ಅದೂ ಇಷ್ಟು ಮೆತ್ತಗೆ ಆಯಿತು, ಹಿಡಿದು ಜಗ್ಗಲಿಕ್ಕೆ ಒಂದು ಹಿಡಿಯೂ ಇರಲಿಲ್ಲ.

ಕೆಲವು ದಿನ ಪುಟ್ಟಿ ಹನ್ನೊಂದು ಗಂಟೆಗೆ ಸರಿಯಾಗಿ ಮಣೆ ಎಳೆದುಕೊಂಡು ಹೋಗಿ ಕಟ್ಟೆಯ ಪಕ್ಕ ನಿಲ್ಲುತ್ತಿದ್ದಳು. ಅತ್ತೆ ಹೋಗಿ ಅವಳನ್ನು ಹಾಲ್‌ಗೆ ಕರೆತರುತ್ತಿದ್ದರು. "ಈಗ ನಿಂಗೆ ಮಾತು ಬಂತಲ್ಲ ಮಗಾ. ಇನ್ನು ಆಗುದಿಲ್ಲ" ಎನ್ನುತ್ತಿದ್ದರು. ತಾವೇ ಮಾಡಿದ ಶಾಸ್ತ್ರವನ್ನು ತಾವೇ ಪಾಲಿಸಿದರು. ಗಂಡ ಅವರನ್ನು ವಾಶಿಯ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದರು. ಲವಂಗ, ಲಿಂಬೆಸಿಪ್ಪೆ ದಿನಾ ಮೂಸಿ ನೋಡಿ, ಬಂದರೂ ಬರಬಹುದು ಎಂದರಂತೆ. ಅತ್ತೆ ಸ್ವಲ್ಪ ದಿನ ಮೂಸಿದರು. ಆಮೇಲೆ ಆ ಲವಂಗ ಮಸಾಲೆ ಡಬ್ಬಿಗೆ ಹೋಯಿತು.

ಪುಟ್ಟಿಗೆ ಈಗ ಬಾಯಿ ನಿಲ್ಲುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ, ಮರಾಠಿಯಲ್ಲಿ ಬೈದರೆ ಹಿಂದಿಯಲ್ಲಿ ಎದುರುತ್ತರ. ಅಡುಗೆಮನೆಯ ಕಟ್ಟೆಯ ಪಕ್ಕ ನಿಂತದ್ದು ಅವಳಿಗೆ ನೆನಪಿಲ್ಲ. ಆ ದಿನದ ವಿಡಿಯೋ ನನ್ನ ಮೊಬೈಲಿನಲ್ಲಿದೆ. ಮಗಳ ಮೊದಲ ಮಾತು, ಅಳಿಸಲು ಕೈ ಬರುವುದಿಲ್ಲ. ಅದರಲ್ಲಿ ಅವಳ ಸ್ವರಕ್ಕಿಂತ ನನ್ನ ಸ್ವರವೇ ದೊಡ್ಡದಾಗಿ ಕೇಳುತ್ತದೆ, ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎಂದು. ಮನೆಯಲ್ಲಿ ಅದನ್ನು ನಾನು ಯಾವತ್ತೂ ಹಾಕಿಲ್ಲ. ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಲೋಕಲಿನ ಗದ್ದಲದಲ್ಲಿ ನಿಂತಾಗ ನನ್ನನ್ನೇ ಬೈದುಕೊಳ್ಳುತ್ತೇನೆ.

ಈ ವರ್ಷದ ಪಾಡ್ಯಕ್ಕೂ ಮಾವನದೇ ಅಡುಗೆ. ಹೋಟೆಲಿನ ಕೈ, ನೂರು ಜನಕ್ಕಾಗುವಷ್ಟು ಮಾಡುತ್ತಾರೆ. ರುಚಿಗೆ ಹೆಸರಿಡುವಂತಿಲ್ಲ, ಎಲ್ಲರೂ ಹೊಗಳಿ ಉಂಡರು. ಅತ್ತೆ ಈಗ ಪಂಕ್ತಿಯಲ್ಲಿ ಮೊದಲೇ ಕೂರುತ್ತಾರೆ, ಹಾಕಿದ್ದನ್ನು ಮಾತಿಲ್ಲದೆ ಉಣ್ಣುತ್ತಾರೆ. ಮಧ್ಯಾಹ್ನ ನೆಂಟರು ಹೊರಟ ಮೇಲೆ ನಾನೂ ಅವರೂ ಬಾಲ್ಕನಿಯಲ್ಲಿ ಉಳಿದ ಬಾಳೆಲೆಗಳನ್ನು ಸುತ್ತಿ ಇಡುತ್ತಿದ್ದೆವು. ಮಾವ ಒಳಗೆ ಮಲಗಿದ್ದರು. ಅತ್ತೆ ಎಲೆಯ ದಂಟು ಮುರಿಯುತ್ತ, ನನ್ನ ಕಡೆ ನೋಡದೆ ಕೇಳಿದರು.

"ಆ ವರ್ಷದ್ದು ಹಯಗ್ರೀವ ಹೇಗಾಗಿತ್ತು? ಬೆಲ್ಲ ಸರಿ ಇತ್ತಾ? ಮಗುವಿಗೆ ಕೊಟ್ಟು ನೋಡ್ಲಿಕ್ಕೆ ಆಗ್ಲಿಲ್ಲ ಅದೊಂದು. ಆಮೇಲೆ ಯಾರೂ ಎಂತದೂ ಹೇಳ್ಲಿಲ್ಲ."

ಇಷ್ಟು ದಿನ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಾನು ಎಲೆ ಕೆಳಗಿಟ್ಟೆ. ಆ ದಿನ ನನ್ನ ಎಲೆಗೂ ಹಯಗ್ರೀವ ಬಡಿಸಿದ್ದರು, ನಾನು ಉಂಡದ್ದೂ ನಿಜ. ತಲೆ ತಗ್ಗಿಸಿಕೊಂಡು ಬೇಗ ಬೇಗ ಉಂಡಿದ್ದೆ. ಸಿಹಿ ಇತ್ತೋ, ಸಪ್ಪೆ ಇತ್ತೋ, ಬೆಲ್ಲ ಹೆಚ್ಚಾಗಿತ್ತೋ, ಎಷ್ಟು ನೆನಪು ಮಾಡಿಕೊಂಡರೂ ನಾಲಿಗೆಗೆ ಏನೂ ಬರಲಿಲ್ಲ.

"ಭಾಳ ಚಲೋ ಆಗಿತ್ತು ಅತ್ತೆ" ಎಂದೆ.

ಅವರು ತಲೆಯೆತ್ತಿ, ಹುಳಿ ನೆಕ್ಕಿದ ಪುಟ್ಟಿಯ ಮುಖ ನೋಡುತ್ತಿದ್ದ ಹಾಗೆ, ನನ್ನ ಮುಖವನ್ನೇ ನೋಡಿದರು. ಆಮೇಲೆ ಇನ್ನೊಂದು ಎಲೆ ಕೈಗೆತ್ತಿಕೊಂಡರು.